ಮುಗಿಯದ ಚಿಂತೆ, ಸವೆಯುವ ದೇಹ

ಬೆಂಗಳೂರಿನಿಂದ ಹೈದರಾಬಾದ್ ಕಡೆಗೆ ಹೋಗುವ ಹೆದ್ದಾರಿಯಲ್ಲಿ ದೇವನಹಳ್ಳಿ ದಾಟಿ ಚಿಕ್ಕಬಳ್ಳಾಪುರಕ್ಕೆ ಹೊರಟರೆ ನಡುವೆ ಸಿಗುವ ಊರು ಆವತಿ. ಬೆಂಗಳೂರು ಕಟ್ಟಿದ ಕೆಂಪೇಗೌಡರ ಪೂರ್ವಿಕರು ಕಂಚಿಯ ಕಡೆಯಿಂದ ಬಂದು ನೆಲೆ ನಿಂತ ಜಾಗವೆಂದು ಚರಿತ್ರೆಯಲ್ಲಿ ಇದಕ್ಕೆ ಹೆಸರಿದೆ. ಈಗ ಕೆಂಪೇಗೌಡರ ಹೆಸರನ್ನೇ ಹೊತ್ತಿರುವ ವಿಮಾನ ನಿಲ್ದಾಣ 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಪಕ್ಕದಲ್ಲಿ ಶುರುವಾದ ಮೇಲೆ ಈ ಸೀಮೆಯ ಲೆಕ್ಕಾಚಾರವೇ ಬದಲಾಯಿತು. ದ್ರಾಕ್ಷಿ, ಚಕ್ಕೋತ, ರಾಗಿ, ಹಿಪ್ಪುನೇರಳೆ ಬೆಳೆಯುವ ಕೆಂಪು ನೆಲಕ್ಕೆ ಎಕರೆಗೆ ಕೋಟಿಗಳಲ್ಲಿ ಬೆಲೆ ಕಟ್ಟತೊಡಗಿದರು. ಬೆಲೆ ಏರಿತು, ಅದರ ಜೊತೆಗೆ ಚಿಂತೆಯೂ ಏರಿತು. ಸಾವಿರ ಅಡಿ ದಾಟಿದ ಕೊಳವೆಬಾವಿಯಲ್ಲಿ ನೀರು ಎಷ್ಟು ದಿನ ಬರುತ್ತದೆ, ರೇಷ್ಮೆಗೂಡಿಗೆ ಈ ಸಲ ಏನು ರೇಟು, ಮಗನಿಗೆ ಸಿಕ್ಕ ಗುತ್ತಿಗೆ ಕೆಲಸ ಎಷ್ಟು ತಿಂಗಳದ್ದು, ನಮ್ಮ ಸರ್ವೆ ನಂಬರು ನೋಟಿಫಿಕೇಷನ್ನಿನಲ್ಲಿ ಇದೆಯೋ ಇಲ್ಲವೋ. ವರ್ಷಗಟ್ಟಲೆ ಎದೆಯೊಳಗೆ ಕೂತಿರುವ ಇಂಥ ಚಿಂತೆ ಮೈಗೆ ಏನು ಮಾಡುತ್ತದೆ, ಅದನ್ನು ತಗ್ಗಿಸುವ ದಾರಿ ಯಾವುದು ಎಂಬುದು ಈ ಲೇಖನದ ಪ್ರಶ್ನೆ. ಸಿಕ್ಕಿರುವ ಪುರಾವೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಕಷ್ಟದ ದುಡಿತವನ್ನು ದೇಹ ತಾಳಿಕೊಳ್ಳುತ್ತದೆ. ಕೊನೆ ಕಾಣದ, ನಮ್ಮ ಹಿಡಿತಕ್ಕೆ ಸಿಗದ ಅನಿಶ್ಚಿತತೆಯನ್ನು ತಾಳುವುದು ಅದಕ್ಕೆ ಕಷ್ಟ. ಆದ್ದರಿಂದ ಒತ್ತಡಕ್ಕೆ ಮದ್ದು ಹುಡುಕುವಾಗ ಮನುಷ್ಯನ ಉಸಿರಾಟವನ್ನಷ್ಟೇ ನೋಡಿದರೆ ಸಾಲದು, ಅವನನ್ನು ಕಾಯಿಸುತ್ತಿರುವ ಕಾಗದಪತ್ರಗಳನ್ನೂ ನೋಡಬೇಕು.

ಅಪಾಯ ಎದುರಾದಾಗ ದೇಹ ಹೇಗೆ ಸಜ್ಜಾಗುತ್ತದೆ ಎಂಬುದನ್ನು ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ ಕಳೆದ ಶತಮಾನದ ಆರಂಭದಲ್ಲೇ ವಿವರಿಸಿದ್ದರು. ಅಡ್ರಿನಲಿನ್ ಸುರಿದು ಗುಂಡಿಗೆ ಜೋರಾಗಿ ಬಡಿದುಕೊಳ್ಳುತ್ತದೆ, ರಕ್ತ ಕರುಳನ್ನು ಬಿಟ್ಟು ಕೈಕಾಲಿನ ಸ್ನಾಯುಗಳಿಗೆ ನುಗ್ಗುತ್ತದೆ, ಯಕೃತ್ತು ತನ್ನಲ್ಲಿ ಕೂಡಿಟ್ಟ ಸಕ್ಕರೆಯನ್ನು ಹೊರಗೆ ಬಿಡುತ್ತದೆ. 1936ರಲ್ಲಿ ಮಾಂಟ್ರಿಯಲ್‌ನ ವಿಜ್ಞಾನಿ ಹ್ಯಾನ್ಸ್ ಸೆಲ್ಯೆ ಇಲಿಗಳನ್ನು ಚಳಿ, ಗಾಯ, ವಿಷ, ಅತಿಯಾದ ಆಯಾಸ ಹೀಗೆ ಬೇರೆ ಬೇರೆ ಬಾಧೆಗಳಿಗೆ ಒಡ್ಡಿ ನೋಡಿದರು. ಬಾಧೆ ಯಾವುದೇ ಇರಲಿ, ಇಲಿಗಳ ಒಳಗೆ ಕಂಡದ್ದು ಒಂದೇ: ಅಡ್ರಿನಲ್ ಗ್ರಂಥಿ ಊದಿತ್ತು, ರೋಗನಿರೋಧಕ್ಕೆ ಬೇಕಾದ ಥೈಮಸ್ ಕುಗ್ಗಿತ್ತು, ಹೊಟ್ಟೆಯಲ್ಲಿ ಹುಣ್ಣಾಗಿತ್ತು. ಮಿದುಳಿನ ಹೈಪೋಥಲಮಸ್ ಪಿಟ್ಯುಟರಿಗೆ ಸೂಚನೆ ಕೊಡುತ್ತದೆ, ಪಿಟ್ಯುಟರಿ ಅಡ್ರಿನಲ್ ಗ್ರಂಥಿಗೆ, ಅಡ್ರಿನಲ್ ಗ್ರಂಥಿ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ ಎಂದು ಮುಂದಿನ ದಶಕಗಳ ಸಂಶೋಧನೆ ತೋರಿಸಿತು. ಇದು ಕೆಟ್ಟ ವ್ಯವಸ್ಥೆಯೇನಲ್ಲ. ಹಾವು ಕಂಡಾಗ ಹಿಂದೆ ಹಾರುವುದು ಇದರಿಂದಲೇ. ಬೆಳಿಗ್ಗೆ ಎದ್ದು ಕೆಲಸಕ್ಕೆ ಹೊರಡುವ ಹುರುಪಿನಲ್ಲೂ ಕಾರ್ಟಿಸಾಲ್‌ನ ಪಾಲಿದೆ. ಹಾವು ಹೋದ ಮೇಲೆ ಎದೆಬಡಿತ ಇಳಿಯುತ್ತದೆ, ಕಾರ್ಟಿಸಾಲ್ ತಗ್ಗುತ್ತದೆ, ದೇಹ ತನ್ನ ಮಾಮೂಲಿ ದುರಸ್ತಿ ಕೆಲಸಕ್ಕೆ ಮರಳುತ್ತದೆ.

ಹಾವು ಹೋಗದೇ ಇದ್ದರೆ ತೊಂದರೆ ಶುರುವಾಗುತ್ತದೆ. ಬ್ರೂಸ್ ಮ್ಯಾಕ್‌ಇವನ್ ಎಂಬ ನರವಿಜ್ಞಾನಿ 1993ರಲ್ಲಿ ಸಹೋದ್ಯೋಗಿಯೊಬ್ಬರ ಜೊತೆ ಸೇರಿ ಮಂಡಿಸಿದ ವಿಚಾರ ಇದನ್ನು ಅರ್ಥ ಮಾಡಿಕೊಳ್ಳಲು ನೆರವಾಗುತ್ತದೆ. ಪರಿಸ್ಥಿತಿಗೆ ಹೊಂದಿಕೊಳ್ಳಲು ದೇಹ ಪ್ರತಿ ಸಲವೂ ಸ್ವಲ್ಪ ಬೆಲೆ ತೆರುತ್ತದೆ; ಆ ಬೆಲೆ ವರ್ಷಗಳ ಕಾಲ ಕೂಡುತ್ತಾ ಹೋದರೆ ಕಾಪಾಡಬೇಕಾದ ವ್ಯವಸ್ಥೆಯೇ ಅಂಗಾಂಗಗಳನ್ನು ಸವೆಸುತ್ತದೆ. ಮತ್ತೆ ಮತ್ತೆ ಏರುವ ರಕ್ತದೊತ್ತಡ ರಕ್ತನಾಳದ ಒಳಪದರಕ್ಕೆ ಗಾಸಿ ಮಾಡುತ್ತದೆ, ಗಾಸಿಯಾದ ಕಡೆ ಕೊಬ್ಬು ಕೂರುತ್ತದೆ. ಇಳಿಯದ ಕಾರ್ಟಿಸಾಲ್ ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡ ಬರುತ್ತದೆ, ಹೊಟ್ಟೆಯ ಸುತ್ತ ಬೊಜ್ಜು ಬೆಳೆಯುತ್ತದೆ, ಸಕ್ಕರೆ ಕಾಯಿಲೆಗೆ ದಾರಿಯಾಗುತ್ತದೆ. ನಿದ್ದೆ ತುಂಡಾಗುತ್ತದೆ, ನಿದ್ದೆಗೆಟ್ಟ ದೇಹದಲ್ಲಿ ಮರುದಿನ ಒತ್ತಡದ ಹಾರ್ಮೋನು ಇನ್ನಷ್ಟು ಹೆಚ್ಚುತ್ತದೆ. ಇವೆಲ್ಲ ಒಂದೊಂದಾಗಿ ಬರುವ ಕಾಯಿಲೆಗಳಂತೆ ಕಂಡರೂ ಒಳಗೆ ಒಂದಕ್ಕೊಂದು ಕೊಂಡಿ ಬೆಸೆದುಕೊಂಡಿರುತ್ತವೆ. ತಾಲ್ಲೂಕು ಆಸ್ಪತ್ರೆಯಲ್ಲಿ ಬಿಪಿಗೆ ಒಂದು ಚೀಟಿ, ಶುಗರಿಗೆ ಇನ್ನೊಂದು, ಗ್ಯಾಸ್ಟ್ರಿಕ್ಕಿಗೆ ಮತ್ತೊಂದು, ನಿದ್ದೆಗೆ ಕೊನೆಯದೊಂದು ಬರೆಸಿಕೊಳ್ಳುವ ವ್ಯಕ್ತಿಯ ನಾಲ್ಕೂ ಚೀಟಿಗಳ ಹಿಂದೆ ಕೆಲವೊಮ್ಮೆ ಒಂದೇ ಕಾರಣ ಇರಬಹುದು.

ಇದೆಲ್ಲ ಬರೀ ಊಹೆಯಲ್ಲ ಎನ್ನಲು ಪ್ರಯೋಗಗಳಿವೆ. ಮನಶ್ಶಾಸ್ತ್ರಜ್ಞ ಶೆಲ್ಡನ್ ಕೋಹೆನ್ ಮತ್ತು ಅವರ ತಂಡ ಆರೋಗ್ಯವಂತ ಸ್ವಯಂಸೇವಕರ ಮೂಗಿಗೆ ನೆಗಡಿಯ ವೈರಾಣುವಿನ ಹನಿ ಹಾಕಿ, ಯಾರಿಗೆ ನೆಗಡಿ ಹಿಡಿಯುತ್ತದೆಂದು ನೋಡಿತು. ಒತ್ತಡ ಹೆಚ್ಚಿದ್ದವರಿಗೆ ಸೋಂಕು ಹೆಚ್ಚು ತಗುಲಿತೆಂದು 1991ರಲ್ಲಿ ವರದಿಯಾಯಿತು. 1998ರ ಅಧ್ಯಯನದಲ್ಲಿ ಇನ್ನೂ ಸೂಕ್ಷ್ಮವಾದ ಸಂಗತಿ ಕಂಡಿತು. ಅಪಾಯ ಹೆಚ್ಚಿದ್ದುದು ಕೆಲಸ ಇಲ್ಲದಿರುವುದು, ಮನೆಯಲ್ಲಿ ಜಗಳ ಇಂಥ, ಒಂದು ತಿಂಗಳು ಮೀರಿದ ಕಷ್ಟದಲ್ಲಿದ್ದವರಿಗೆ. ಅಲ್ಪಕಾಲದ ಒತ್ತಡಕ್ಕೆ ಅಂಥ ಪರಿಣಾಮ ಇರಲಿಲ್ಲ. 1995ರಲ್ಲಿ ಜಾನಿಸ್ ಕೀಕೋಲ್ಟ್-ಗ್ಲೇಸರ್ ಅವರ ತಂಡ ಮರೆವಿನ ಕಾಯಿಲೆಯ ಬಂಧುಗಳನ್ನು ನೋಡಿಕೊಳ್ಳುತ್ತಿದ್ದ ಹೆಂಗಸರ ತೋಳಿನಲ್ಲಿ ಒಂದೇ ಅಳತೆಯ ಸಣ್ಣ ಗಾಯ ಮಾಡಿ ಕಾದು ನೋಡಿತು. ಅದೇ ವಯಸ್ಸಿನ ಬೇರೆ ಹೆಂಗಸರಿಗಿಂತ ಇವರ ಗಾಯ ಮಾಯಲು ಸರಾಸರಿ ಒಂಬತ್ತು ದಿನ ಹೆಚ್ಚು ಹಿಡಿಯಿತು. ಹೃದಯದ ವಿಷಯದಲ್ಲಿ 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನ ದೊಡ್ಡದು. 52 ದೇಶಗಳ ಹೃದಯಾಘಾತದ ರೋಗಿಗಳನ್ನು ಆರೋಗ್ಯವಂತರ ಜೊತೆ ಹೋಲಿಸಿದ ಅದರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪಾಲೂ ಇತ್ತು. ಮನೆಯಲ್ಲೋ ಕೆಲಸದಲ್ಲೋ ಸದಾ ಒತ್ತಡವಿದೆ ಎಂದವರಲ್ಲಿ ಹೃದಯಾಘಾತದ ಸಾಧ್ಯತೆ ಸುಮಾರು ಎರಡು ಪಟ್ಟು ಇತ್ತು. ಕಾಯಿಲೆ ಬಂದ ಮೇಲೆ ಹಿಂದಿನದನ್ನು ನೆನಪಿಸಿಕೊಂಡು ಹೇಳಿದ ಉತ್ತರಗಳಿವು ಎಂಬ ದೋಷ ಆ ಅಧ್ಯಯನಕ್ಕಿದೆ. ಆದರೆ ಬೇರೆ ಬೇರೆ ವಿಧಾನದ ಅಧ್ಯಯನಗಳು ಒಂದೇ ದಿಕ್ಕಿಗೆ ಬೊಟ್ಟು ಮಾಡುವಾಗ ಆ ದೋಷದ ತೂಕ ಕಡಿಮೆಯಾಗುತ್ತದೆ.

ಹಾಗಾದರೆ ಎಲ್ಲ ಕಷ್ಟವೂ ಒಂದೇ ಬಗೆಯಲ್ಲಿ ದೇಹವನ್ನು ಕೆಡಿಸುತ್ತದೆಯೇ? ಇಲ್ಲ. ಜೇ ವೈಸ್ ಎಂಬ ಸಂಶೋಧಕರು 1970ರ ಸುಮಾರಿಗೆ ಇಲಿಗಳ ಮೇಲೆ ನಡೆಸಿದ ಪ್ರಯೋಗಗಳು ಇಲ್ಲಿ ನಿರ್ಣಾಯಕ. ಎರಡು ಇಲಿಗಳಿಗೂ ಒಂದೇ ಪ್ರಮಾಣದ ವಿದ್ಯುತ್ ಆಘಾತ ಕೊಟ್ಟರು. ಒಂದಕ್ಕೆ ಮಾತ್ರ ಆಘಾತಕ್ಕೆ ಮುಂಚೆ ಸೂಚನೆ ಸಿಗುತ್ತಿತ್ತು. ಸೂಚನೆ ಸಿಕ್ಕ ಇಲಿಗೆ ಹೊಟ್ಟೆಹುಣ್ಣು ಕಡಿಮೆ. ಇನ್ನೊಂದು ಪ್ರಯೋಗದಲ್ಲಿ, ಆಘಾತವನ್ನು ತಪ್ಪಿಸಿಕೊಳ್ಳುವ ಉಪಾಯ ತನ್ನ ಕೈಯಲ್ಲಿದ್ದ ಇಲಿಗೂ ಕಡಿಮೆ. ನೋವಿನ ಪ್ರಮಾಣ ಸಮನಾಗಿದ್ದರೂ ಅದು ಯಾವಾಗ ಬರುತ್ತದೆ, ಅದಕ್ಕೆ ತಾನೇನು ಮಾಡಬಹುದು ಎಂಬ ಅರಿವು ದೇಹದ ಗತಿಯನ್ನು ಬದಲಿಸಿತು. ಮನುಷ್ಯರಲ್ಲಿ ಇದಕ್ಕೆ ಹತ್ತಿರವಾದದ್ದು ಲಂಡನ್ನಿನ ಸರ್ಕಾರಿ ನೌಕರರ ಮೇಲೆ 1967ರಿಂದ ನಡೆದ ವೈಟ್‌ಹಾಲ್ ಅಧ್ಯಯನ. ಅಲ್ಲಿ ಎಲ್ಲರಿಗೂ ಭದ್ರ ಕೆಲಸವಿತ್ತು, ಉಚಿತ ಚಿಕಿತ್ಸೆಯಿತ್ತು. ಆದರೂ ಜವಾನರಂಥ ಕೆಳಹಂತದ ನೌಕರರ ಸಾವಿನ ಪ್ರಮಾಣ ಮೇಲಧಿಕಾರಿಗಳದ್ದಕ್ಕಿಂತ ಸುಮಾರು ಮೂರು ಪಟ್ಟು ಇತ್ತು. ಕೆಲಸದ ಮೇಲೆ ತಮಗೆ ಹಿಡಿತ ಇಲ್ಲದಿರುವುದು ಹೃದ್ರೋಗದ ಈ ಅಂತರಕ್ಕೆ ದೊಡ್ಡ ಕಾರಣವೆಂದು ಮೈಕೆಲ್ ಮಾರ್ಮೊಟ್ ಅವರ ತಂಡ ಮುಂದೆ ತೋರಿಸಿತು. ನಮ್ಮದೇ ಸೀಮೆಯ ಉದಾಹರಣೆ ಬೇಕೆಂದರೆ ರೇಷ್ಮೆ ಸಾಕಣೆಯನ್ನು ನೋಡಬಹುದು. ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ಹಂತ, ಮುಗಿಸಿ ಎದ್ದ ಹುಳು ವಾರದುದ್ದಕ್ಕೂ ಮೇಯುತ್ತಲೇ ಇರುತ್ತದೆ. ಸೊಪ್ಪು ಕೊಯ್ಯುವುದು, ಹೊರುವುದು, ಹಾಕುವುದು, ಹಣ್ಣಾದ ಹುಳುವನ್ನು ಆರಿಸಿ ಚಂದ್ರಿಕೆಗೆ ಬಿಡುವುದು. ಆ ದಿನಗಳಲ್ಲಿ ಮನೆಮಂದಿಗೆ ಸರಿಯಾಗಿ ನಿದ್ದೆ ಇರುವುದಿಲ್ಲ. ಆದರೆ ಆ ಒತ್ತಡಕ್ಕೆ ಕೊನೆಯ ದಿನ ಗೊತ್ತಿದೆ, ಏನು ಮಾಡಬೇಕೆಂಬುದು ಕೈಯಲ್ಲಿದೆ, ಗೂಡು ಬಿಡಿಸಿ ಮಾರ್ಕೆಟ್ಟಿಗೆ ಹಾಕಿದ ಮೇಲೆ ಮೈಗೆ ಬಿಡುವು ಸಿಗುತ್ತದೆ. ಗೂಡಿನ ರೇಟು ಏನಾಗುತ್ತದೋ ಎಂಬ ಅಳುಕು ಮಾತ್ರ ಬೇರೆ ಜಾತಿಯದು. ಅದು ರೈತನ ಹಿಡಿತಕ್ಕೆ ಸಿಗದೆ ಬೆಳೆಯಿಂದ ಬೆಳೆಗೆ ಮುಂದುವರಿಯುತ್ತದೆ.

ಹಿಡಿತಕ್ಕೆ ಸಿಗದ ಕಾಯುವಿಕೆ ಎಂದರೇನು ಎಂಬುದಕ್ಕೆ ದೇವನಹಳ್ಳಿ ತಾಲ್ಲೂಕಿನಲ್ಲೇ ದೊಡ್ಡ ನಿದರ್ಶನವಿದೆ. ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ (ಕೆಐಎಡಿಬಿ) ಮೂಲಕ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಜಮೀನು ಸ್ವಾಧೀನಕ್ಕೆ ಸರ್ಕಾರ ಹೊರಟಾಗ 2022ರಲ್ಲಿ ರೈತರು ಧರಣಿ ಕೂತರು. ಧರಣಿ ಮೂರು ವರ್ಷ ಮೀರಿತು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನವನ್ನು ಕೈಬಿಡುವುದಾಗಿಯೂ ಸ್ವಇಚ್ಛೆಯಿಂದ ಕೊಡುವವರ ಜಮೀನನ್ನು ಮಾತ್ರ ಪಡೆಯುವುದಾಗಿಯೂ ಘೋಷಿಸಿದರು. ಈ ಹೋರಾಟವನ್ನು ಭೂಮಿಯ, ರಾಜಕಾರಣದ ಪ್ರಶ್ನೆಯಾಗಿ ಎಲ್ಲರೂ ಚರ್ಚಿಸಿದ್ದಾರೆ. ಆರೋಗ್ಯದ ಪ್ರಶ್ನೆಯಾಗಿ ನೋಡಿದ್ದು ಕಡಿಮೆ. ಪಹಣಿಯ 11ನೇ ಕಾಲಂನಲ್ಲಿ ಮಂಡಳಿಯ ಹೆಸರು ಕಾಣಿಸಿಕೊಂಡ ಜಮೀನಿನ ಮಾಲೀಕನ ಸ್ಥಿತಿ ಊಹಿಸಿ. ಹೊಸ ಬೋರು ಕೊರೆಸಲು ಧೈರ್ಯ ಬರುವುದಿಲ್ಲ, ದ್ರಾಕ್ಷಿ ಚಪ್ಪರಕ್ಕೆ ಕಲ್ಲುಕಂಬ ನೆಡಲು ಮನಸ್ಸಾಗುವುದಿಲ್ಲ, ಮಗಳ ಮದುವೆಗೆ ಸಾಲ ಕೇಳಿದರೆ ಕೊಡುವವರು ಹಿಂದೆ ಮುಂದೆ ನೋಡುತ್ತಾರೆ. ಜಮೀನು ಹೋಗುತ್ತದೆ ಎಂದೂ ಖಚಿತವಿಲ್ಲ, ಉಳಿಯುತ್ತದೆ ಎಂದೂ ಖಚಿತವಿಲ್ಲ. ಜಮೀನು ಕೊಡಲು ಒಪ್ಪಿದವರಿಗೂ ಇದೇ ಪಾಡು, ಪರಿಹಾರ ಯಾವಾಗ ಎಂಬುದು ಅವರಿಗೂ ತಿಳಿಯದು. 2013ರ ಕೇಂದ್ರ ಭೂಸ್ವಾಧೀನ ಕಾಯ್ದೆ ಪ್ರಾಥಮಿಕ ಅಧಿಸೂಚನೆಯ ನಂತರ 12 ತಿಂಗಳೊಳಗೆ ಘೋಷಣೆ, ಅದರ ನಂತರ 12 ತಿಂಗಳೊಳಗೆ ಪರಿಹಾರದ ಐತೀರ್ಪು ಎಂದು ಗಡುವು ಹಾಕಿದೆ. 1966ರ ಕೆಐಎಡಿಬಿ ಕಾಯ್ದೆಯಲ್ಲಿ ಪ್ರಾಥಮಿಕ ಮತ್ತು ಅಂತಿಮ ಅಧಿಸೂಚನೆಗಳ ನಡುವೆ ಅಂಥ ಗಡುವೇ ಇಲ್ಲ. ವೈಸ್ ಅವರ ಪ್ರಯೋಗದಲ್ಲಿ ಸೂಚನೆಯೂ ಸಿಗದೆ, ಉಪಾಯವೂ ಕಾಣದೆ ಉಳಿದ ಇಲಿಯ ಸ್ಥಿತಿಯನ್ನು ಕಾನೂನೇ ಮನುಷ್ಯರಿಗೆ ಒದಗಿಸಿದಂತಾಗಿದೆ.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ಚಿಂತೆಯಲ್ಲಿರುವವನು ಬೀಡಿ ಸೇದುತ್ತಾನೆ, ಕುಡಿಯುತ್ತಾನೆ, ಹೊತ್ತಿಗೆ ಸರಿಯಾಗಿ ಉಣ್ಣುವುದಿಲ್ಲ. ಕಾಯಿಲೆ ಬರುವುದು ಈ ಅಭ್ಯಾಸಗಳಿಂದ, ಒತ್ತಡದ ಮೇಲೆ ಯಾಕೆ ಗೂಬೆ ಕೂರಿಸಬೇಕು ಎಂದು. ಮಾತಿನಲ್ಲಿ ಅರ್ಧ ಸತ್ಯವಿದೆ. ಒತ್ತಡ ದೇಹವನ್ನು ತಲುಪುವ ದಾರಿಗಳಲ್ಲಿ ದುಶ್ಚಟವೂ ಒಂದು. ಆದರೆ ಅದೊಂದೇ ದಾರಿಯಲ್ಲ. ವೈಟ್‌ಹಾಲ್‌ನ ಹೃದ್ರೋಗದ ಅಂತರದಲ್ಲಿ ಧೂಮಪಾನ, ಕೊಲೆಸ್ಟರಾಲ್, ರಕ್ತದೊತ್ತಡ ಇವೆಲ್ಲ ಸೇರಿ ವಿವರಿಸಿದ್ದು ಮೂರನೇ ಒಂದು ಭಾಗಕ್ಕಿಂತ ಹೆಚ್ಚಿಲ್ಲ. ಸಂಶೋಧಕ ಜೇ ಕ್ಯಾಪ್ಲನ್ 1980ರ ದಶಕದಲ್ಲಿ ಕೋತಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ ಎಲ್ಲಕ್ಕೂ ಒಂದೇ ಆಹಾರ ಕೊಟ್ಟಿದ್ದರು. ಗುಂಪನ್ನು ಪದೇ ಪದೇ ಕದಡಿದ ಕಡೆ ಮೇಲುಗೈಗಾಗಿ ಸದಾ ಹೆಣಗಬೇಕಾದ ಗಂಡುಕೋತಿಗಳ ರಕ್ತನಾಳಗಳಲ್ಲಿ ಕೊಬ್ಬು ಹೆಚ್ಚು ಕಟ್ಟಿತ್ತು. ಕೋತಿಗಳಿಗೆ ಬೀಡಿಯೂ ಇಲ್ಲ, ಸಾರಾಯಿಯೂ ಇಲ್ಲ. ಕೃಷಿಕರ ಬಗ್ಗೆಯೇ ಕೇಳುವುದಾದರೆ, ಮಳೆ ಕೈಕೊಟ್ಟ ವರ್ಷ ಕೀನ್ಯಾದ ಬಡ ರೈತರಲ್ಲಿ ಕಾರ್ಟಿಸಾಲ್ ಏರಿದ್ದನ್ನು 2013ರ ಅಧ್ಯಯನವೊಂದು ಅಳೆದು ತೋರಿಸಿದೆ. ಅದೇ ವರ್ಷ ಪ್ರಕಟವಾದ ಇನ್ನೊಂದು ಅಧ್ಯಯನ ತಮಿಳುನಾಡಿನ 464 ಕಬ್ಬು ಬೆಳೆಗಾರರನ್ನು ಕಟಾವಿಗೆ ಮುಂಚೆ ಒಮ್ಮೆ, ದುಡ್ಡು ಕೈಸೇರಿದ ಮೇಲೆ ಒಮ್ಮೆ ಪರೀಕ್ಷಿಸಿತು. ಅದೇ ರೈತನ ಯೋಚನಾಶಕ್ತಿ ಕೈ ಬಿಗಿಯಾಗಿದ್ದಾಗ ಕುಂದಿತ್ತು, ಕೈಯಲ್ಲಿ ಕಾಸಾಡಿದಾಗ ಚೇತರಿಸಿತ್ತು. ಚಟ ಬಿಡು ಎಂದು ಬುದ್ಧಿ ಹೇಳುವವರು ಗಮನಿಸಬೇಕಾದ ಸಂಗತಿಯಿದು: ಚಟ ಬಿಡಲು ಬೇಕಾದ ಮನೋಬಲವನ್ನೇ ಅಭಾವ ತಿಂದುಹಾಕಿರುತ್ತದೆ.

ಎರಡನೇ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಹೊಟ್ಟೆಹುಣ್ಣಿಗೆ ಒತ್ತಡವೇ ಕಾರಣವೆಂದು ವೈದ್ಯರು ದಶಕಗಳ ಕಾಲ ಹೇಳುತ್ತಿದ್ದರು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅದರ ಹಿಂದೆ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಇದೆಯೆಂದು ತೋರಿಸಿ 2005ರಲ್ಲಿ ನೊಬೆಲ್ ಪಡೆದರು. ಹುಣ್ಣು ಆ್ಯಂಟಿಬಯೊಟಿಕ್ಕಿಗೆ ವಾಸಿಯಾಗತೊಡಗಿತು. ಸೆಲ್ಯೆ ಅವರಿಗೆ ತಂಬಾಕು ಕಂಪನಿಗಳ ಹಣ ಬರುತ್ತಿತ್ತು ಎಂಬುದೂ ಆ ಕಂಪನಿಗಳದ್ದೇ ದಾಖಲೆಗಳಿಂದ ಬಯಲಾಗಿದೆ. ಹೃದಯಾಘಾತಕ್ಕೆ ಸಿಗರೇಟಿನ ಬದಲು ಒತ್ತಡವನ್ನು ಹೊಣೆ ಮಾಡುವುದು ಆ ಉದ್ಯಮಕ್ಕೆ ಅನುಕೂಲವಾಗಿತ್ತು. ಆದ್ದರಿಂದ ಕಾರಣ ಗೊತ್ತಿಲ್ಲದ ರೋಗಕ್ಕೆಲ್ಲ ಟೆನ್ಷನ್ ಎಂದು ಹಣೆಪಟ್ಟಿ ಹಚ್ಚುವುದು ಸೋಮಾರಿತನ, ಕೆಲವೊಮ್ಮೆ ಮೋಸ. ಇದನ್ನು ಒಪ್ಪಿಕೊಂಡೇ ಮುಂದಿನ ಮಾತು ಹೇಳಬೇಕು. ಆ ಬ್ಯಾಕ್ಟೀರಿಯಾ ಹೊಟ್ಟೆಯಲ್ಲಿರುವ ಬಹುಪಾಲು ಜನರಿಗೆ ಹುಣ್ಣಾಗುವುದೇ ಇಲ್ಲ. ರೋಗಾಣು, ಅನುವಂಶ, ಆಹಾರ ಇವು ಹದಗೊಳಿಸಿದ ನೆಲದಲ್ಲಿ ಯಾರಿಗೆ ರೋಗ ಮೊಳೆಯುತ್ತದೆ, ಯಾರಿಗೆ ಬೇಗ ವಾಸಿಯಾಗುವುದಿಲ್ಲ ಎಂಬುದರಲ್ಲಿ ಒತ್ತಡದ ಕೈವಾಡವಿದೆ. ಅದು ಒಂಟಿ ಅಪರಾಧಿಯಲ್ಲ, ಸಹಚರ. ಎದೆನೋವು ಬಂದವನನ್ನು ಮೊದಲು ಇಸಿಜಿ ಮಾಡಿಸಲು ಕಳಿಸಬೇಕೇ ಹೊರತು ಧ್ಯಾನಕ್ಕೆ ಕೂರಿಸಬಾರದು.

ಮೂರನೆಯದು ಹಳ್ಳಿಕಟ್ಟೆಯಲ್ಲಿ ಕೇಳಿಬರುವ ಮಾತು: ನಮ್ಮ ಅಜ್ಜಂದಿರು ಇದಕ್ಕಿಂತ ಕಷ್ಟಪಟ್ಟರು, ಅವರಿಗೆ ಬಿಪಿ ಎಲ್ಲಿತ್ತು? ಅವರ ಬಿಪಿಯನ್ನು ಅಳೆದವರಿರಲಿಲ್ಲ ಎಂಬುದು ಒಂದು ಉತ್ತರ. ಸ್ವಾತಂತ್ರ್ಯದ ಹೊತ್ತಿಗೆ ದೇಶದ ಸರಾಸರಿ ಆಯಸ್ಸು 32 ವರ್ಷದ ಆಸುಪಾಸಿನಲ್ಲಿತ್ತು, ಈಗ 70ರ ಹತ್ತಿರವಿದೆ. ಪ್ಲೇಗು, ಕಾಲರಾ, ಬರದಿಂದ ಬೇಗ ಸತ್ತವರಿಗೆ ಹೃದ್ರೋಗ ಬರಲು ಆಯಸ್ಸೇ ಇರಲಿಲ್ಲ. 1876-78ರ ಬರದಲ್ಲಿ ಮೈಸೂರು ಸಂಸ್ಥಾನದಲ್ಲಿ ಲಕ್ಷಾಂತರ ಜನ ಸತ್ತರು, ಹಾಗಾಗಿ ಹಿಂದಿನವರ ಬದುಕು ನಿಶ್ಚಿಂತೆಯದಾಗಿತ್ತು ಎನ್ನುವುದೂ ಸುಳ್ಳು. ಆದರೆ ಈ ಮಾತಿನಲ್ಲಿ ಉಳಿಸಿಕೊಳ್ಳಬೇಕಾದ ಒಂದು ಅಂಶವಿದೆ. ಅಂದಿನವರು ದಿನವಿಡೀ ಮೈ ಬಗ್ಗಿಸಿ ದುಡಿಯುತ್ತಿದ್ದರು, ಕತ್ತಲಾದ ಮೇಲೆ ಮಲಗುತ್ತಿದ್ದರು, ಕಷ್ಟವನ್ನು ಹತ್ತು ಜನರ ನಡುವೆ ಹಂಚಿಕೊಳ್ಳುತ್ತಿದ್ದರು. ಇಂದಿನ ಚಿಂತೆಗೆ ಈ ಮೂರೂ ಬಿಡುಗಡೆಗಳು ತಪ್ಪಿವೆ. ಬದಲಾವಣೆಯ ಭಾರ ಹಳ್ಳಿಯ ಮನಸ್ಸಿನ ಮೇಲೆ ಹೇಗೆ ಬೀಳುತ್ತದೆ ಎಂಬ ಪ್ರಶ್ನೆಯನ್ನು ಕರಾವಳಿಯ ಕೋಟದಲ್ಲಿ ಮನೋವೈದ್ಯರಾದ ಕಾರ್‌ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ಅಧ್ಯಯನ ಮಾಡಿ 1976ರಲ್ಲೇ ಪುಸ್ತಕವಾಗಿ ತಂದಿದ್ದರು. ಅದೇ ಪ್ರಶ್ನೆಯನ್ನು ವಿಮಾನ ನಿಲ್ದಾಣದ ಸುತ್ತಲ ಹಳ್ಳಿಗಳಲ್ಲಿ ಕೇಳುವುದು ಇಂದಿಗೆ ಹೆಚ್ಚು ಜರೂರು.

ಹಾಗಾದರೆ ಮಾಡಬೇಕಾದದ್ದೇನು? ಮನುಷ್ಯ ತನ್ನ ಕೈಯಾರೆ ಮಾಡಿಕೊಳ್ಳಬಹುದಾದವು ಮೊದಲು. ಇವುಗಳಲ್ಲಿ ನಿದ್ದೆಗೆ ಅಗ್ರಸ್ಥಾನ: ಮಲಗುವ, ಏಳುವ ಹೊತ್ತು ಒಂದೇ ಇರುವುದು, ಹಾಸಿಗೆಗೆ ಮೊಬೈಲು ಒಯ್ಯದಿರುವುದು. ಎರಡನೆಯದು ನಡಿಗೆ. ಹೊಲದ ಕೆಲಸ ಟ್ರ್ಯಾಕ್ಟರಿಗೆ, ಓಡಾಟ ಬೈಕಿಗೆ ಹೋದ ಮೇಲೆ ರೈತನ ಮೈಗೂ ವ್ಯಾಯಾಮ ತಪ್ಪಿದೆ. ದಿನಕ್ಕೆ ಅರ್ಧ ಗಂಟೆಯ ಬಿರುಸು ನಡಿಗೆ ಬಿಪಿ, ಶುಗರ್, ನಿದ್ದೆ ಮೂರಕ್ಕೂ ಒಳ್ಳೆಯದು. ಮೂರನೆಯದು ಉಸಿರು ಮತ್ತು ಯೋಗ. ಇದರಲ್ಲಿ ಕನ್ನಡನಾಡಿನ ಸಂಶೋಧನೆಗೆ ಹೆಸರಿದೆ, ಬೆಂಗಳೂರಿನ ಡಾ. ಆರ್. ನಾಗರತ್ನ ಮತ್ತು ಎಚ್.ಆರ್. ನಾಗೇಂದ್ರ ಆಸ್ತಮಾ ರೋಗಿಗಳಲ್ಲಿ ಯೋಗದ ಪರಿಣಾಮ ಕುರಿತು ನಡೆಸಿದ ಅಧ್ಯಯನ 1985ರಲ್ಲೇ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ನಿಧಾನವಾಗಿ ಉಸಿರು ಬಿಡುವಾಗ ವೇಗಸ್ ನರ ಚುರುಕಾಗಿ ಎದೆಬಡಿತ ತಗ್ಗುತ್ತದೆ. ರಕ್ತದೊತ್ತಡದಲ್ಲಿ ಕಾಣುವ ಇಳಿಕೆ ಸಾಧಾರಣ ಪ್ರಮಾಣದ್ದು, ಹಾಗಾಗಿ ಪ್ರಾಣಾಯಾಮ ಹಿಡಿದೆನೆಂದು ಮಾತ್ರೆ ಬಿಡುವುದು ಅಪಾಯ. ನಾಲ್ಕನೆಯದು ಜನ. ಅಮೆರಿಕದ ಅಲಮೀಡಾ ಕೌಂಟಿಯ ನಿವಾಸಿಗಳ ಕುರಿತ 1979ರ ವರದಿಯಿಂದ ಮೊದಲ್ಗೊಂಡು ಹಲವು ಅಧ್ಯಯನಗಳು, ನೆಂಟರಿಷ್ಟರು ಮತ್ತು ಸಂಘದ ಒಡನಾಟ ಕಡಿಮೆಯಿದ್ದವರು ಬೇಗ ಸಾಯುವುದು ಹೆಚ್ಚೆಂದು ತೋರಿಸಿವೆ. ಹೆಣ್ಣುಮಕ್ಕಳ ಸ್ವಸಹಾಯ ಸಂಘದ ವಾರದ ಸಭೆ, ಹಾಲಿನ ಡೇರಿ ಮುಂದಿನ ಬೆಳಗಿನ ಮಾತುಕತೆ ಕಾಲಹರಣವಲ್ಲ.

ಎರಡನೇ ಹಂತದ್ದು ಆಸ್ಪತ್ರೆಯ ಕೆಲಸ. ನಿಮ್ಹಾನ್ಸ್ ನೇತೃತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕೂ ಹೆಚ್ಚು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿತ್ತು, ಅವರಲ್ಲಿ ಬಹುಪಾಲು ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಜಿಲ್ಲಾ ಮಟ್ಟದಲ್ಲಿ ಮಾನಸಿಕ ಚಿಕಿತ್ಸೆ ತಲುಪಿಸುವ ಮಾದರಿಯನ್ನು ದೇಶಕ್ಕೆ ಕೊಟ್ಟದ್ದು 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಯಾರು ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ವ್ಯವಸ್ಥೆ ಇದೆ, ಕೊಂಡಿ ಇಲ್ಲ. ಬಿಪಿ ನೋಡುವ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಿದ್ದೆ ಹೇಗಿದೆ, ಸಾಲ ಇದೆಯೇ, ಮನೆಯಲ್ಲಿ ಏನು ಕಷ್ಟ ಎಂಬ ಮೂರು ಪ್ರಶ್ನೆ ಕೇಳುವ ರೂಢಿ ಬಂದರೆ, ಕೇಳಿದ್ದನ್ನು ಚೀಟಿಯಲ್ಲಿ ಬರೆದರೆ, ಅರ್ಧ ಕೆಲಸ ಆದಂತೆ.

ಮೂರನೇ ಹಂತವೇ ಈ ಲೇಖನದ ಮುಖ್ಯ ಒತ್ತಾಯ. ವ್ಯಕ್ತಿ ತನ್ನ ಉಸಿರನ್ನು ಸರಿಪಡಿಸಿಕೊಳ್ಳಬಹುದು, ಅಧಿಸೂಚನೆಯನ್ನು ಸರಿಪಡಿಸಲಾರ. ಕೆಐಎಡಿಬಿ ಕಾಯ್ದೆಯಲ್ಲಿ ಪ್ರಾಥಮಿಕ ಅಧಿಸೂಚನೆಗೆ ಗಡುವು ಹಾಕಿ, ಅದರೊಳಗೆ ಅಂತಿಮ ತೀರ್ಮಾನ ಆಗದಿದ್ದರೆ ಅದು ತಾನಾಗಿ ರದ್ದಾಗಿ ಪಹಣಿ ಶುದ್ಧವಾಗಬೇಕು. ಕೈಗಾರಿಕೆ ಬೇಡವೆನ್ನುವವರಿಗೂ ಬೇಕೆನ್ನುವವರಿಗೂ ಇದರಿಂದ ನಷ್ಟವಿಲ್ಲ. ಭೂಮಿ ಕೊಟ್ಟವರ ಮಕ್ಕಳು ದೊಡ್ಡಬಳ್ಳಾಪುರ, ದೇವನಹಳ್ಳಿಯ ಕಾರ್ಖಾನೆಗಳಲ್ಲಿ ದುಡಿಯುವಾಗ ಶಿಫ್ಟಿನ ಪಟ್ಟಿ ಮುಂಚೆಯೇ ತಿಳಿಯಬೇಕು, ರಾತ್ರಿಪಾಳಿ ವಾರಕ್ಕೊಂದು ರೀತಿ ಬದಲಾಗಬಾರದು, ಟಾರ್ಗೆಟ್ಟಿನ ಬಗ್ಗೆ ಮಾತಾಡುವ ಅವಕಾಶವಿರಬೇಕು. ವಿಮಾನದ ಸದ್ದೂ ವ್ಯಕ್ತಿಯ ಹಿಡಿತಕ್ಕೆ ಸಿಗದ್ದೇ. ಯುರೋಪಿನ ಆರು ವಿಮಾನ ನಿಲ್ದಾಣಗಳ ಸುತ್ತ ನಡೆದು 2008ರಲ್ಲಿ ಪ್ರಕಟವಾದ ಹೈಯೆನಾ ಅಧ್ಯಯನ, ರಾತ್ರಿಯ ವಿಮಾನ ಸದ್ದು ಹೆಚ್ಚಿದಷ್ಟೂ ರಕ್ತದೊತ್ತಡದ ಕಾಯಿಲೆ ಹೆಚ್ಚೆಂದು ಕಂಡುಕೊಂಡಿದೆ. ದೇವನಹಳ್ಳಿಯ ಸುತ್ತಲೂ ಅಂಥ ಅಳತೆ ನಡೆಯಬೇಕು.

ವ್ಯವಸ್ಥೆ ಬದಲಾಗುವವರೆಗೆ ಜನ ಸುಮ್ಮನೆ ಕೂರಬೇಕೇ ಎಂದು ಕೇಳಬಹುದು. ಬೇಡ. ಇವತ್ತು ಸಂಜೆಯೇ ನಡೆಯಲು ಹೊರಡಿ, 30 ದಾಟಿದ್ದರೆ ಬಿಪಿ, ಶುಗರ್ ನೋಡಿಸಿ, ನಿದ್ದೆ ಬಾರದ ರಾತ್ರಿಗಳು ವಾರಗಟ್ಟಲೆ ಮುಂದುವರಿದರೆ ವೈದ್ಯರಿಗೆ ಹೇಳಿ. ಜೊತೆಗೆ ಗ್ರಾಮಸಭೆಯಲ್ಲಿ ಎದ್ದು ನಿಂತು, ನಮ್ಮ ಜಮೀನಿನ ವಿಷಯ ಯಾವ ತಾರೀಕಿನೊಳಗೆ ತೀರ್ಮಾನವಾಗುತ್ತದೆ ಎಂದು ಕೇಳಿ. ಆ ಪ್ರಶ್ನೆಗೆ ಲಿಖಿತ ಉತ್ತರ ಕೊಡುವುದು ಕಂದಾಯ ಇಲಾಖೆಯ ಕರ್ತವ್ಯವಾಗಿರುವಷ್ಟೇ ಆರೋಗ್ಯ ಇಲಾಖೆಯ ಕಾಳಜಿಯೂ ಆಗಬೇಕು.